ತೊಂಬತ್ತೆಂಟನ್ನು ಬಿಡದ ಕಾಕಾ

ಗೋಕಾಕದಲ್ಲಿ ಹುಟ್ಟಿ, ಗೋಕಾಕದಲ್ಲಿ ಬೆಳೆದು, ಗೋಕಾಕದಲ್ಲೇ ಐವತ್ತು ದಾಟಿದ ಮನುಷ್ಯ ಗೋಕಾಕ ಫಾಲ್ಸ್ ನೋಡಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಕು, ಯಾಕೆಂದರೆ ಆ ಮನುಷ್ಯ ನನ್ನ ಕಾಕಾ, ನನ್ನ ಅಪ್ಪನ ಖಾಸಾ ತಮ್ಮ. ಅಷ್ಟು ಎತ್ತರದಿಂದ ನೀರು ಬೀಳುವುದನ್ನು ನೋಡುತ್ತ ನಿಂತವನಿಗೆ ತಾನೂ ಬೀಳಬೇಕು ಅನಿಸಿದರೆ ಏನು ಗತಿ ಎಂಬುದು ಅವರ ವಾದ. ಅಲ್ಲಿಯ ತೂಗುಸೇತುವೆಯ ಮಾತು ತೆಗೆದರೆ ಸಾಕು, ಕುಳಿತಲ್ಲೇ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದರು. ಊರಿಗೆ ಹೆಸರು ತಂದ ಕರದಂಟನ್ನೂ ಅವರು ಎಂದೂ ಸೀದಾ ಕಚ್ಚಿದವರಲ್ಲ. ಅಡಕೊತ್ತಿನಲ್ಲಿ ಚೂರು ಮಾಡಿ, ಒಂದೊಂದು ಚೂರನ್ನೂ ಬೆಳಕಿಗೆ ಹಿಡಿದು, ಹಲ್ಲಿಗೆ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ಬಾಯಿಗೆ ಹಾಕಿಕೊಳ್ಳುವರು. ಅಷ್ಟೊತ್ತಿಗೆ ನಾವು ಡಬ್ಬಿ ಖಾಲಿ ಮಾಡಿರುತ್ತಿದ್ದೆವು.

ಇಂಥವರು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡುವ ಅಂಗಡಿ ನಡೆಸಿದರು ಎಂದರೆ ಅದು ಅಪ್ಪನ ಜುಲುಮೆ. ಮನೆಗೆ ಬಂದ ಧೈರ್ಯವನ್ನೆಲ್ಲ ಮೊದಲು ಹುಟ್ಟಿದವನೇ ಬಾಚಿಕೊಂಡ, ಎರಡನೆಯವನಿಗೆ ಏನೂ ಉಳಿಸಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಮುಗಿಯಿತೆಂದು ತೊಂಬತ್ತರ ದಶಕದ ಕೊನೆಗೆ ಅಪ್ಪ ಬೆಳಗಾವಿಗೆ ಹೋಗಿ, ಕಂಪ್ಯೂಟರನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ತಂದರು. ಅದರೊಳಗೆ ವಿಂಡೋಸ್ ತೊಂಬತ್ತೆಂಟು. ಕಾಕಾ ಮೂರು ದಿನ ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತರು. ನಾಲ್ಕನೆಯ ದಿನ ಅಪ್ಪ ಅವರ ಬೆರಳು ಹಿಡಿದು ಕೀಲಿಮಣೆಯ ಮೇಲಿಟ್ಟು ಹೇಳಿದರು: "ಒತ್ತು. ಅಂಜಬ್ಯಾಡ, ನಾ ಅದೇನಿ."

ಕಾಕಾ ಕಣ್ಣು ಮುಚ್ಚಿ ಒತ್ತಿದರು. ಪರದೆಯ ಮೇಲೆ ಒಂದು 'ಕ' ಮೂಡಿತು. ಬೆರಳು ಎತ್ತಲು ಅಂಜಿ ಹಾಗೇ ಒತ್ತಿ ಹಿಡಿದಿದ್ದರಿಂದ ಪರದೆ ತುಂಬ 'ಕ'ಗಳೇ ಆದವು! ಅಂದಿನಿಂದ ಕಾಕಾನ ಅಂಗಡಿ ನಡೆದದ್ದು ಕರೆಂಟಿನ ಮೇಲೆ ಅರ್ಧ, ಅಪ್ಪನ ಆ "ನಾ ಅದೇನಿ" ಎಂಬ ಎರಡು ಮಾತಿನ ಮೇಲೆ ಅರ್ಧ.

ನಮ್ಮದು ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಆಡುವ ಜೈನರ ಮನೆತನ. ಕಾಕಾ ಇದರಲ್ಲೊಂದು ವ್ಯವಸ್ಥೆ ಮಾಡಿಕೊಂಡಿದ್ದರು: ಧೈರ್ಯ ಇದ್ದಾಗ ಕನ್ನಡ, ಅಂಜಿಕೆ ಬಂದಾಗ ಮರಾಠಿ. ಅಂಗಡಿಯೊಳಗಿಂದ "ನಕೋ ರೇ ಬಾಬಾ", ಬೇಡಪ್ಪಾ ಬೇಡ, ಎಂಬ ದನಿ ಕೇಳಿತೆಂದರೆ ಕಂಪ್ಯೂಟರ್ ಏನೋ ಹೊಸದು ಕೇಳಿದೆ ಎಂದು ಇಡೀ ಓಣಿಗೆ ತಿಳಿಯುತ್ತಿತ್ತು. ಒಮ್ಮೆ ಪರದೆಯ ಮೇಲೆ, ನೀವು ಕಾನೂನುಬಾಹಿರ ಕೆಲಸ ಮಾಡಿದ್ದೀರಿ ಎಂಬರ್ಥದ ಇಂಗ್ಲಿಷ್ ಸೂಚನೆ ಬಂತು. ಆ ಕಾಲದ ಕಂಪ್ಯೂಟರುಗಳು ದಿನಕ್ಕೆ ನಾಲ್ಕು ಸಲ ಎಲ್ಲರಿಗೂ ಹೀಗೆ ಬೈಯುತ್ತಿದ್ದವು. ಆದರೆ ಕಾಕಾ ಬಿಟ್ಟಾರೆಯೇ? ಅದನ್ನು ಚೀಟಿಯಲ್ಲಿ ಬರೆದುಕೊಂಡು ಬಸ್ಸು ಹತ್ತಿ, ಹುಕ್ಕೇರಿ ಕೋರ್ಟಿನಲ್ಲಿದ್ದ ಪರಿಚಯದ ವಕೀಲರನ್ನು ಕಂಡು, ಜಾಮೀನು ಸಿಗುತ್ತದೋ ಇಲ್ಲವೋ ಎಂದು ಕೇಳಿ ಬಂದರು.

ಇನ್ನು ವೈರಸ್ಸು! ಮೂಡಲಗಿಯ ಗಿರಾಕಿಯೊಬ್ಬ ಫ್ಲಾಪಿಯಲ್ಲಿ ದೇವರ ಚಿತ್ರ ತಂದುಕೊಟ್ಟ. ಪರ ಊರಿನ ಫ್ಲಾಪಿ, ಒಳಗೆ ಏನಿದೆಯೋ ಯಾರಿಗೆ ಗೊತ್ತು? ಕಾಕಾ ಅದನ್ನು ಮಾಳಿಗೆಯ ಮೇಲೆ, ಕೆಂಪು ಮೆಣಸಿನಕಾಯಿಯ ಪಕ್ಕ, ಬೇವಿನ ಎಲೆ ಹರಡಿ ಎರಡು ದಿನ ಬಿಸಿಲಿಗಿಟ್ಟರು. ಮೂರನೆಯ ದಿನ ಅದು ಹಪ್ಪಳದಂತೆ ಸೆಟೆದುಕೊಂಡಿತ್ತು. ಗಿರಾಕಿ ಬಂದಾಗ ಕಾಕಾ ಸಮಾಧಾನದಿಂದಲೇ ಹೇಳಿದರು: "ವೈರಸ್ ಹೋತ್ರಿ. ದೇವರೂ ಹೋತ್ರಿ."

ನೀವು ನಗಬಹುದು. ಆದರೆ ಕಾಕಾನ ಒಂದು ಅಂಜಿಕೆ ಮಾತ್ರ ಖರೆ. ಅದು ಹೆಸರುಗಳ ಅಂಜಿಕೆ. ನಮ್ಮ ಕಡೆ ಲಗ್ನಪತ್ರಿಕೆ ಎಂದರೆ ವಧು, ವರ, ಮುಹೂರ್ತ ಬರೆದು ಮುಗಿಸುವುದಲ್ಲ. ಅಜ್ಜ, ಮುತ್ತಜ್ಜ, ಸೋದರಮಾವ, ಅತ್ತೆಯ ಗಂಡ ಎಲ್ಲರ ಹೆಸರೂ ಅವರವರ ಮಾನಕ್ಕೆ ತಕ್ಕ ಸಾಲಿನಲ್ಲಿ ಬರಬೇಕು. ಒಂದು ಹೆಸರು ಬಿಟ್ಟರೆ ಆ ಮನುಷ್ಯ ಮದುವೆಗೆ ಬಂದೂ ಮಂಟಪಕ್ಕೆ ಬರುವುದಿಲ್ಲ, ಬಸ್ ಸ್ಟ್ಯಾಂಡಿನಲ್ಲೇ ಕುಳಿತು ಸಿಟ್ಟು ಮಾಡುತ್ತಾನೆ. ಅದಕ್ಕೇ ಕಾಕಾ ಪ್ರತಿ ಮನೆತನದ ಪತ್ರಿಕೆಯನ್ನೂ ಕಂಪ್ಯೂಟರಿನಲ್ಲಿ ಕಾಪಿಟ್ಟಿದ್ದರು. ಅದೇ ಮನೆಯಲ್ಲಿ ಮತ್ತೊಂದು ಮದುವೆ ಬಂದರೆ ಹಳೆಯದನ್ನು ತೆಗೆದು ವಧೂವರರನ್ನು ಬದಲಿಸಿದರಾಯಿತು. ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಸೀದಾ ಅಂಗಡಿಗೆ ಹೋಗಿ, ಆ ಮನೆಯ ಪತ್ರಿಕೆ ತೆಗೆದು, ಸತ್ತವರ ಹೆಸರಿನ ಹಿಂದೆ 'ದಿ.' ಸೇರಿಸಿ ಬರುವರು. ದಿವಂಗತ ಎಂಬುದರ ಆ 'ದಿ.' ಹಾಕುವಲ್ಲಿ ಒಂದು ದಿನವೂ ತಡ ಮಾಡಿದವರಲ್ಲ. ಯಮನ ಕಚೇರಿಯಲ್ಲೂ ಕೆಲಸ ಇಷ್ಟು ಚುರುಕಾಗಿ ಆಗುತ್ತಿರಲಿಕ್ಕಿಲ್ಲ!

ಇಷ್ಟು ಜಾಗರೂಕತೆಯ ನಡುವೆಯೂ ಒಮ್ಮೆ ಎಡವಟ್ಟಾಯಿತು. ಘೋಡಗೇರಿಯ ಒಂದು ಮನೆತನದಲ್ಲಿ ತಮ್ಮ ತೀರಿಕೊಂಡಿದ್ದ. ಅವಸರದಲ್ಲಿ ಕಾಕಾ 'ದಿ.' ಹಾಕಿದ್ದು ಅಣ್ಣನಿಗೆ. ಅದು ತಿಳಿದದ್ದು ಮೊಮ್ಮಗನ ಮದುವೆಯ ಐದುನೂರು ಪತ್ರಿಕೆ ಅಚ್ಚಾದ ಮೇಲೆ. ಮರುದಿನ ಮೊದಲ ಬಸ್ಸಿಗೆ ಆ ಅಣ್ಣ, ಎಂಬತ್ತರ ಹತ್ತಿರದ ಅಜ್ಜ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪತ್ರಿಕೆ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

"ನನ್ನ ಮಣ್ಣಿಗಿ ನನಗೊಂದ ಮಾತ ಹೇಳಬಾರದಾಗಿತ್ತೇನೋ ತಮ್ಮಾ?" ಎಂದು ಕೇಳಿದ.

ಕಾಕಾ ಕಾಗದದ ಗಂಟುಗಳ ಹಿಂದೆ ಅಡಗಿ ಕುಳಿತಿದ್ದರು. ಮನೆಗೆ ಹೇಳಿಕಳಿಸಿ ಅಪ್ಪನನ್ನು ಕರೆಸಬೇಕಾಯಿತು. ಅಪ್ಪ ಅಜ್ಜನಿಗೆ ಚಹಾ ಕುಡಿಸಿ, ಕೈಮುಗಿದು, ನಗಿಸಿ, ಕಡೆಗೆ ಊಟಕ್ಕೂ ಕರೆದುಕೊಂಡು ಬಂದರು. ನಾವೆಲ್ಲ ಸೇರಿ ಬ್ಲೇಡಿನಿಂದ ಐದುನೂರು 'ದಿ.'ಗಳನ್ನು ಕೆರೆದು, ತಮ್ಮನ ಹೆಸರಿಗೆ ಕೈಯಿಂದ ಬರೆದೆವು. ಅಂದಿನಿಂದ ಅಜ್ಜ ನಮ್ಮ ಮನೆಯವನೇ ಆಗಿಬಿಟ್ಟ. ಗೋಕಾಕದ ಸಂತೆಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಂತು "ಇನ್ನಾ ಅದೇನಿ ನೋಡಪಾ" ಎಂದು ಹೇಳಿ ಮುಂದೆ ಹೋಗುವನು. ಕಾಕಾ ಮಾತ್ರ ಹೊಸ ನಿಯಮ ಮಾಡಿದರು: ಯಾವ ಗಿರಾಕಿಯೇ ಆಗಲಿ, ಪ್ರೂಫನ್ನು ಮೂರು ಸಲ ಗಟ್ಟಿಯಾಗಿ ಓದಿ ಸಹಿ ಮಾಡಬೇಕು. ಮಾಡದಿದ್ದರೆ ಪತ್ರಿಕೆ ಇಲ್ಲ.

ಕೆಲವು ವರ್ಷಗಳಾದ ಮೇಲೆ ಅಪ್ಪ ಹೋದರು. ಬೆಳಿಗ್ಗೆ ಎದೆ ನೋವೆಂದರು, ಮಧ್ಯಾಹ್ನಕ್ಕೆ ಇರಲಿಲ್ಲ. ಅದನ್ನು ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅದಾಗಿ ಎರಡು ವರ್ಷಕ್ಕೆ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಹತ್ತು ನಿಮಿಷ ನಡೆದರೆ ಅರ್ಧ ತಾಸು ನಿಲ್ಲುವುದು. ಗಿರಾಕಿಗಳು ಪೆನ್ ಡ್ರೈವ್ ತಂದರೆ ಅದಕ್ಕೆ ಗುರುತೇ ಸಿಗುತ್ತಿರಲಿಲ್ಲ. ಎದುರಿನ ಅಂಗಡಿಯವರು ಆಗಲೇ ಹೊಸ ವಿಂಡೋಸ್ ಎಕ್ಸ್‌ಪಿ ಹಾಕಿಸಿ, ಬಣ್ಣಬಣ್ಣದ ಪತ್ರಿಕೆ ತೆಗೆಯುತ್ತಿದ್ದರು. ಬೆಳಗಾವಿಯಿಂದ ಬರುವ ರಿಪೇರಿಯವರು ಕಾಕಾನಿಗೆ ತಿಳಿಸಿ ಹೇಳಿದರು: ಇದರ ಆಯುಷ್ಯ ಮುಗಿಯಿತು, ಎಲ್ಲ ಅಳಿಸಿ ಹೊಸದು ಹಾಕಬೇಕು. ಆದರೆ ಹಳೆಯ ಕನ್ನಡದ ಪ್ರೋಗ್ರಾಮು ಹೊಸದರಲ್ಲಿ ನಡೆಯುವುದಿಲ್ಲ, ಹಳೆಯ ಪತ್ರಿಕೆ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತದೆ. ಎಲ್ಲವನ್ನೂ ಮೊದಲು ಕಾಗದದ ಮೇಲೆ ತೆಗೆದಿಟ್ಟುಕೊಂಡು, ಆಮೇಲೆ ಹೊಸದಾಗಿ ಟೈಪ್ ಮಾಡಬೇಕು.

ಮೂರು ತಾಲೂಕಿನ ಬೀಗತನವನ್ನೆಲ್ಲ ಹೊಸದಾಗಿ ಟೈಪ್ ಮಾಡುವುದೇ! ಒಂದು 'ದಿ.' ಹೆಚ್ಚಾದರೆ? ಒಂದು ಕಡಿಮೆಯಾದರೆ? ಕಾಕಾ ಅಂದು ಊಟದ ಹೊತ್ತಿನಲ್ಲೂ ಮರಾಠಿಯಲ್ಲೇ ಇದ್ದರು.

ಆಮೇಲೆ ಶುರುವಾಯಿತು ಸಲಹೆ ಕೇಳುವ ಯಾತ್ರೆ. ಮೂಡಲಗಿಯಲ್ಲಿ ಇದೇ ಕೆಲಸದವರೊಬ್ಬರು ಆರು ತಿಂಗಳ ಹಿಂದೆ ಹೊಸದು ಹಾಕಿಸಿದ್ದರು. ಕಾಕಾ ಹೋಗಿ ಕಂಪ್ಯೂಟರಿನ ಬಗ್ಗೆ ಏನೂ ಕೇಳದೆ, ನಿದ್ದೆ ಬರುತ್ತದೋ, ಊಟ ಸೇರುತ್ತದೋ ಎಂದು ವಿಚಾರಿಸಿದರು. ಎಲ್ಲ ಚೆನ್ನಾಗಿದೆ ಎಂದು ಆತ ನಕ್ಕ. ಮನೆಗೆ ಬಂದ ಕಾಕಾ ನಮ್ಮೆದುರು ತೀರ್ಪು ಕೊಟ್ಟರು: "ಅಂವಾ ಭಾಳ ನಗಾಕತ್ತಿದ್ದ. ಏನೋ ಮುಚ್ಚಿಡಾಕತ್ತಾನ."

ಹುಕ್ಕೇರಿಯಲ್ಲಿ ಫೋಟೋ ಸ್ಟುಡಿಯೋದವರೊಬ್ಬರು ಕಾಪಿ ತೆಗೆದಿಡುವುದನ್ನು ಮರೆತು, ಹೊಸದು ಹಾಕಿಸುವಾಗ ಎಲ್ಲ ಫೋಟೋ ಕಳೆದುಕೊಂಡಿದ್ದರು. ಕಾಕಾ ಅವರಿಗೆ ಚಹಾ ಕುಡಿಸಿ ಆ ಕಥೆಯನ್ನು ಎರಡು ಸಲ ಹೇಳಿಸಿ ಕೇಳಿದರು. ಅಷ್ಟೂ ಸಾಲದೆಂದು ಬೆಲ್ಲದ ಬಾಗೇವಾಡಿಗೆ ಹೋಗಿ ತಮಗೆ ಕಲಿಸಿದ ನಿವೃತ್ತ ಮಾಸ್ತರರನ್ನೂ ಕೇಳಿದರು. ಮಾಸ್ತರರು ಕಂಪ್ಯೂಟರನ್ನು ಕಣ್ಣಿಂದಲೂ ಕಂಡವರಲ್ಲ. ಕಾಲಕ್ಕೆ ತಕ್ಕ ಕೋಲ ಎಂದು ಒಂದೇ ಮಾತು ಹೇಳಿ ಮಲಗಿದರಂತೆ. ಒಟ್ಟು ಒಂದು ನಗು, ಒಂದು ಅಳು, ಒಂದು ನಿದ್ದೆ. ಇದರಿಂದ ಯಾರು ಏನು ನಿರ್ಣಯ ಮಾಡಬೇಕು, ನೀವೇ ಹೇಳಿ!

ಈ ನಡುವೆ ಯಮಕನಮರಡಿಯ ಮನೆತನದೊಂದಿಗೆ ನನ್ನ ಮದುವೆ ಗೊತ್ತಾಯಿತು. ಮುಹೂರ್ತಕ್ಕೆ ತಿಂಗಳಿದ್ದದ್ದು ಇಪ್ಪತ್ತು ದಿನವಾಯಿತು, ಪತ್ರಿಕೆಯ ಸುಳಿವಿಲ್ಲ. ಊರಿಗೆಲ್ಲ ಪತ್ರಿಕೆ ಮಾಡಿಕೊಟ್ಟ ಮನೆಯ ಮಗಳಿಗೇ ಪತ್ರಿಕೆ ಇಲ್ಲ! ಬೀಗರು ಎರಡು ಸಲ ಫೋನು ಮಾಡಿದರು. ನನ್ನ ಮೂಗಿನ ತುದಿಯ ಸಿಟ್ಟು ಹೊಸದಲ್ಲ. ಅಂಗಡಿಗೆ ಹೋಗಿ, ಇಲ್ಲಾ ಹೊಸದು ಹಾಕಿಸ್ರಿ, ಇಲ್ಲಾ ನಾನು ಎದುರಿನ ಅಂಗಡಿಗೆ ಹೋಗುತ್ತೇನೆ ಎಂದು ಹೇಳಿಯೇಬಿಟ್ಟೆ. ಕಾಕಾ ನನ್ನನ್ನೊಮ್ಮೆ, ಎದುರಿನ ಅಂಗಡಿಯನ್ನೊಮ್ಮೆ ನೋಡಿದರು. ಮರುದಿನ ರಿಪೇರಿಯವರಿಗೆ ತಾವೇ ಫೋನು ಹಚ್ಚಿ, ಹಳೆಯ ಪತ್ರಿಕೆಗಳನ್ನು ಕಾಗದದ ಮೇಲೆ ತೆಗೆಯಲು ಕುಳಿತರು.

ನಾಲ್ಕು ದಿನ ಆ ಮುದುಕ ಕಂಪ್ಯೂಟರ್ ನಿಂತು ನಿಂತು ಪತ್ರಿಕೆ ಹೊರಹಾಕಿತು. ಅವನ್ನು ಊರುವಾರು ಜೋಡಿಸುವ ಕೆಲಸ ನನ್ನದು. ಒಂದೊಂದರಲ್ಲೂ ಕಾಕಾ ತಪ್ಪದೆ ಹಾಕಿದ 'ದಿ.'ಗಳು. ಗೋಕಾಕದ ಗಂಟಿನಲ್ಲಿ ನಮ್ಮ ಮನೆಯದೂ ಸಿಕ್ಕಿತು, ಅಪ್ಪ ಇದ್ದಾಗ ಆದ ನನ್ನ ಅಕ್ಕನ ಮದುವೆಯ ಪತ್ರಿಕೆ. ಅಪ್ಪನ ಹೆಸರು ಬರೀ 'ಶ್ರೀ' ಹೊತ್ತುಕೊಂಡು ನಿಂತಿತ್ತು. ಹಿಂದೆ 'ದಿ.' ಇರಲಿಲ್ಲ. ಇಡೀ ಸೀಮೆಯ ಸತ್ತವರನ್ನು ಅದೇ ದಿನ ಬರೆದುಕೊಳ್ಳುವ ಮನುಷ್ಯ, ಸ್ವಂತ ಅಣ್ಣನ ಹೆಸರನ್ನು ಎರಡು ವರ್ಷದಿಂದ ಮುಟ್ಟಿರಲಿಲ್ಲ. ಎದುರಿನ ಅಂಗಡಿಯ ಮಾತು ಯಾಕಾದರೂ ಆಡಿದೆನೋ! ಆ ಹಾಳೆಯನ್ನು ಸುಮ್ಮನೆ ಗಂಟಿನ ಕೆಳಗೆ ಸೇರಿಸಿದೆ.

ರಿಪೇರಿಯವರು ಬಂದರು. ಸಿ.ಡಿ. ತಟ್ಟೆ ಹಾಕಿದರು, ಏನೇನೋ ಒತ್ತಿದರು. ಕಡೆಗೆ, ಈಗ ಈ ಕೀಲಿ ಒತ್ತಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ಮಾಲಕರೇ ಒತ್ತಲಿ ಎಂದು ಎದ್ದು ನಿಂತರು. ಕಾಕಾನ ಬೆರಳು ಕೀಲಿಯ ಮೇಲೆ ಹೋಗಿ ನಿಂತಿತು. ಒತ್ತಲೊಲ್ಲದು. ಹಣೆಯ ಮೇಲೆ ಬೆವರು ಬಂತು, ತುಟಿಯ ಮೇಲೆ ಮರಾಠಿ ಬಂತು. ನನಗೆ ಏನನಿಸಿತೋ, ಅವರ ಬೆರಳಿನ ಮೇಲೆ ನನ್ನ ಬೆರಳಿಟ್ಟೆ.

"ಒತ್ರಿ ಕಾಕಾ. ಅಂಜಬ್ಯಾಡ್ರಿ, ನಾ ಅದೇನಿ."

ಅವರು ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಒತ್ತಿದರು.

ಹೊಸದರಲ್ಲಿ ಮೊದಲು ಟೈಪ್ ಆದದ್ದು ನನ್ನ ಪತ್ರಿಕೆ. ಕಾಕಾ ಒಂದೊಂದೇ ಅಕ್ಷರ ಹುಡುಕಿ ದೇವರ ನಾಮ ಬರೆದರು, ಮುಹೂರ್ತ ಬರೆದರು, ಬೀಗರ ಹೆಸರು ಬರೆದರು. ವಧು ಯಾರ ಮಗಳು ಎಂಬ ಸಾಲಿಗೆ ಬಂದು ಕೈ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮಾತಾಡಿದರು, ಕನ್ನಡದಲ್ಲಿ.

"ಹಳೇದ್ರಾಗ ಅಣ್ಣಾ ಹೆಂಗ ಇದ್ದನೋ ಹಂಗ ಇದ್ದ, ಮಗಳ. ನಾ ಮುಟ್ಟಿರಲಿಲ್ಲ. ಹೊಸಾದ್ರಾಗ ನಾನ ನನ್ನ ಕೈಲೆ ಬರೀಬೇಕಲ್ಲ, ಅಣ್ಣಾ ಇಲ್ಲಂತ."

ಎರಡು ತಿಂಗಳು ಬಸ್ಸಿನಲ್ಲಿ ತಿರುಗಿದ್ದು, ಮೂವರನ್ನು ಕೇಳಿದ್ದು, ನನ್ನಿಂದ ಬೈಸಿಕೊಂಡದ್ದು ಎಲ್ಲ ಈ ಒಂದು ಅಕ್ಷರಕ್ಕೆ. ನನಗೆ ಅಳು ಬಂತು. ಹಳೆಯದರಲ್ಲಿ ಹೆಂಗಿತ್ತೋ ಹಂಗೇ ಬರೆಯಿರಿ ಎಂದು ಹೇಳಿದೆ. ಕಾಕಾ ಬರೀ 'ಶ್ರೀ' ಬರೆದರು. ಪ್ರೂಫು ಕೈಗೆ ಬಂತು. ಅಂಗಡಿಯ ನಿಯಮದಂತೆ ಮೂರು ಸಲ ಗಟ್ಟಿಯಾಗಿ ಓದಿದೆ, ಅಪ್ಪನ ಹೆಸರನ್ನು ಮೂರು ಸಲವೂ ಇದ್ದ ಹಾಗೇ ಓದಿದೆ, ಕೆಳಗೆ ಸಹಿ ಮಾಡಿದೆ. ಅವ್ವ ಪತ್ರಿಕೆಯನ್ನು ಒಮ್ಮೆ ಓದಿ, ಏನೂ ಕೇಳದೆ ದೇವರ ಮುಂದೆ ಇಟ್ಟಳು.

ಮದುವೆಯ ದಿನ ಕಾಕಾ ಮಂಟಪದ ಕಂಬಕ್ಕೆ ಒರಗಿ ನಿಂತುಬಿಟ್ಟಿದ್ದರು. ಯಾರಾದರೂ ಪತ್ರಿಕೆ ಹಿಡಿದು ಬಂದರೆ ಕಂಬದ ಆ ಕಡೆ ಸರಿಯುವರು. ಒಂದು ಹೆಸರಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕೂರುವ ಜನ! ಅವತ್ತು ಒಬ್ಬರೂ ಒಂದು ಮಾತು ಕೇಳಲಿಲ್ಲ. ಕಡೆಗೆ ಘೋಡಗೇರಿಯ ಅಜ್ಜ ಬಂದ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ಪತ್ರಿಕೆ. ಕಾಕಾ ಸರಿಯಲು ಹೋದರು. ಕೋಲು ಅಡ್ಡ ಬಂತು. ಅಜ್ಜ ಪತ್ರಿಕೆ ಬಿಚ್ಚಿ, ಅಪ್ಪನ ಹೆಸರಿನ ಮೇಲೆ ಬೆರಳಿಟ್ಟ.

"ಈ ಸಲಾ ಬರೋಬ್ಬರಿ ಬರದಿ ನೋಡ, ತಮ್ಮಾ."

ಕಾಕಾ ಅಜ್ಜನ ಕೈ ಹಿಡಿದು ಊಟಕ್ಕೆ ಕರೆದುಕೊಂಡು ಹೋದರು.