ನಾಲ್ಕು ಮುಖದ ಪೆಟ್ಟಿಗೆ

ಅಚ್ಚುಕಟ್ಟು ಎನ್ನುವುದು ಒಂದು ಕಾಯಿಲೆಯಾಗಿದ್ದರೆ ಕ್ರಮಸಂಖ್ಯೆಯವರು ಎಂದೋ ಆಸ್ಪತ್ರೆ ಸೇರಬೇಕಿತ್ತು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಗ್ರಂಥಾಲಯದಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದ ಮೇಲೆ ಮನೆಯ ಡಬ್ಬಿ, ಸೌಟು, ಗೋಡೆಯ ಮೊಳೆಗಳಿಗೂ ನಂಬರು ಅಂಟಿಸಿದ್ದರಿಂದ ಕಟ್ಟಡದವರೆಲ್ಲ ಹಾಗೆ ಕರೆಯುತ್ತಿದ್ದರು. ಅವರು ಅದನ್ನು ಬಿರುದು ಎಂದೇ ತಿಳಿದಿದ್ದರು. ಗಡುವು ಮೀರಿ ಪುಸ್ತಕ ತಂದವರನ್ನು ಅವರು ಸುಮ್ಮನೆ ಬಿಟ್ಟದ್ದೇ ಇಲ್ಲ. ಈಗ ಹೆಂಡತಿಯಾಗಿರುವವರಿಗೂ ಅಂದು ದಂಡ ಹಾಕಿದ್ದರು. ಮದುವೆಯ ಮಾತು ಬಂದದ್ದು ದಂಡದ ರಸೀದಿ ಕೊಟ್ಟ ಮೇಲೆ.

ಆ ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗಿ ಹಾಲು ತಂದು, ಬೀಗದ ಕೈಯನ್ನು ಒಂದನೇ ನಂಬರಿನ ಮೊಳೆಗೆ ತೂಗುಹಾಕುವಷ್ಟರಲ್ಲಿ ಹೆಂಡತಿ ಚಪ್ಪಲಿ ಮೆಟ್ಟಿ ನಿಂತಿದ್ದರು.

"ತಂಗಿ ಮನೆಗೆ ಹೋಗ್ಬರ್ತೀನಿ ರೀ. ಸಂಜೆ ಆಗುತ್ತೆ. ಏನನ್ನೂ ಜೋಡಿಸೋಕೆ ಹೋಗ್ಬೇಡಿ."

ಬೇಡ ಎಂದದ್ದೇ ತಡ, ಕೈ ತುರಿಸತೊಡಗಿತು. ಕಿಟಕಿಯ ಮೇಲಿದ್ದ ಶೂ ಪೆಟ್ಟಿಗೆ ಬಹಳ ದಿನದಿಂದ ಅವರ ಕಣ್ಣು ಚುಚ್ಚುತ್ತಿತ್ತು. ಒಳಗೆ ರಟ್ಟಿನಿಂದ ಮಾಡಿದ ನಾಲ್ಕು ಖಾನೆ, ತುಂಬ ಕಾರ್ಡು. ಒಂದು ಮಗ್ಗುಲಿಗೆ ಪ್ರಶ್ನೆ, ಇನ್ನೊಂದು ಮಗ್ಗುಲಿಗೆ ಉತ್ತರ. ಹೆಂಡತಿಯೂ ಕೆಳಗಿನ ಅಂಗಡಿಯ ಟೈಲರಕ್ಕನೂ ಸ್ಕೂಟರ್ ಲೈಸೆನ್ಸಿಗೆಂದು ಸೇರಿ ಓದುತ್ತಿದ್ದ ಸಂಚಾರ ನಿಯಮಗಳು. ಓದಲಿ, ಬೇಡವೆಂದವರಾರು? ಆದರೆ ಅಡ್ಡರಸ್ತೆಯ ಪಕ್ಕದಲ್ಲಿ ಹಾರ್ನು, ಹಾರ್ನಿನ ಪಕ್ಕದಲ್ಲಿ ಇಳಿಜಾರು! ಖಾನೆಗಳ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೀಚಿದ ನಾಲ್ಕು ಮುಖ ಬೇರೆ: ಒಂದು ಅಳುತ್ತಿತ್ತು, ಒಂದು ಮುಖ ಗಂಟಿಕ್ಕಿತ್ತು, ಒಂದು ನಗುತ್ತಿತ್ತು, ಕೊನೆಯದು ಕನ್ನಡಕ ಹಾಕಿಕೊಂಡು ಮೆರೆಯುತ್ತಿತ್ತು.

ಮಕ್ಕಳಾಟ ಎಂದುಕೊಂಡು ಮುಖಗಳನ್ನು ಒರೆಸಿದರು. ಕಾರ್ಡುಗಳನ್ನೆಲ್ಲ ಮೇಜಿಗೆ ಸುರಿದು, ತಲೆಬರಹದ ಮೊದಲ ಅಕ್ಷರವನ್ನಷ್ಟೇ ನೋಡುತ್ತ ಅಕಾರಾದಿಯಾಗಿ ಜೋಡಿಸಿದರು. ಖಾನೆಗಳಿಗೆ ಚೀಟಿ ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಎದೆ ಉಬ್ಬಿತು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಹಾಗೆ ಉಬ್ಬಿದ ಎದೆಯಲ್ಲೇ ಬಾಗಿಲು ತೆಗೆದರು. ಟೈಲರಕ್ಕ ನಿಂತಿದ್ದಳು, ಇಸ್ತ್ರಿ ಮಾಡಿದ ಸೀರೆಯುಟ್ಟು, ಕೊರಳಲ್ಲಿ ಅಳತೆ ಟೇಪಿಲ್ಲದೆ.

"ಭಾವ, ಪೆಟ್ಟಿಗೆ ಒಂದ್ನಿಮಿಷ ಕೊಡಿ." ಮುಚ್ಚಳ ತೆಗೆದವಳ ಮುಖ ಮೊದಲನೇ ಖಾನೆಯಿಂದ ಒರೆಸಿಹೋದ ಅಳುಮುಖದ ಹಾಗಾಯಿತು. "ಅಯ್ಯೋ! ಏನ್ ಮಾಡಿದ್ರಿ ಇದನ್ನ?"

"ಜೋಡಿಸಿದೆ. ಒಂದು ಕಾರ್ಡೂ ಕಳೆದಿಲ್ಲ, ಬೇಕಾದ್ರೆ ಎಣಿಸ್ಕೊ."

"ಕಾರ್ಡು ಕಳೆದಿಲ್ಲ ಭಾವ, ಓದು ಕಳೀತು! ನಾವಿಬ್ರೂ ಸರಿ ಹೇಳಿದ್ರೆ ಕಾರ್ಡು ಮುಂದಿನ ಖಾನೆಗೆ. ಒಬ್ರು ತಪ್ಪಿದ್ರೂ ವಾಪಸ್ ಅಳುಮುಖಕ್ಕೆ. ಅಳುಮುಖದ್ದು ದಿನಾ ಓದ್ಬೇಕು, ಕನ್ನಡಕದ್ದು ತಿಂಗಳಿಗೊಂದ್ಸಲ. ಯಾವ್ದು ಬರುತ್ತೆ, ಯಾವ್ದು ಬರಲ್ಲ ಅನ್ನೋ ಲೆಕ್ಕವೆಲ್ಲ ಆ ಜಾಗದಲ್ಲೇ ಇದ್ದಿದ್ದು. ಮೂರು ತಿಂಗಳ ಓದು!"

ಕ್ರಮಸಂಖ್ಯೆಯವರಿಗೆ ತಮ್ಮ ಹಳೆಯ ಮಾತು ನೆನಪಾಯಿತು. ಮೂರು ತಿಂಗಳ ಹಿಂದೆ ಹೆಂಡತಿ ಲೈಸೆನ್ಸಿನ ಮಾತೆತ್ತಿದಾಗ "ಈ ವಯಸ್ಸಲ್ಲಿ ನಿನಗ್ಯಾಕೆ ಗಾಡಿ?" ಎಂದು ನಕ್ಕವರು ಅವರೇ. ಆಮೇಲೆ ಒಂದು ವಾರ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದ್ದವು. ಈಗ ಬೇಕೆಂದೇ ಹಾಳು ಮಾಡಿದರು ಎಂದುಕೊಂಡರೆ? ಅಲ್ಲವೆಂದರೆ ನಂಬುವವರು ಯಾರು?

"ಅಕ್ಕ ಬರೋಷ್ಟರಲ್ಲಿ ಮೊದಲಿನ ಹಾಗೆ ಮಾಡಿಡಿ. ನಂಗೆ ಹೊತ್ತಾಯ್ತು" ಎಂದು ಟೈಲರಕ್ಕ ದಡದಡ ಮೆಟ್ಟಿಲಿಳಿದಳು. ಅಂಗಡಿಗೆ ಬೀಗ ಬಿದ್ದ ಸದ್ದು ಕೇಳಿತು.

ತಲೆಯ ಮೇಲೆ ಕೈಹೊತ್ತು ಕೂತವರ ಕಣ್ಣಿಗೆ ಒಂದು ಕಾರ್ಡಿನ ಅಂಚು ಬಿತ್ತು. ಕಪ್ಪಗೆ ಜಿಡ್ಡು ಹಿಡಿದಿತ್ತು. ಪಕ್ಕದ್ದು ಹೊಸ ನೋಟಿನ ಹಾಗೆ ಗರಿಗರಿ. ದಿನಾ ಮುಟ್ಟಿದ್ದು ಕೊಳೆಯಾಗಲೇಬೇಕು! ಬಾರದ್ದು ಕೊಳಕು, ಬರುವುದು ಚೊಕ್ಕ. ಕ್ರಮಸಂಖ್ಯೆಯವರು ಎದ್ದು ನಿಂತರು. ಗ್ರಂಥಾಲಯ ಸುಮ್ಮನೆ ಸಂಬಳ ಕೊಟ್ಟಿರಲಿಲ್ಲ.

ಕಾರ್ಡುಗಳನ್ನು ಕೊಳೆಯ ಪ್ರಕಾರ ನೆಲದ ಮೇಲೆ ಹರಡಿ ಅರ್ಧ ಮುಗಿಸಿದ್ದರು. ಅಷ್ಟರಲ್ಲಿ ಎದುರು ಮನೆಯ ಗಣಿತದ ಮೇಷ್ಟ್ರು ಒಳಬಂದರು. ಅವರಿಗೆ ತೆರೆದ ಬಾಗಿಲೆಂದರೆ ಆಮಂತ್ರಣ ಪತ್ರಿಕೆ. ಸಂಗತಿಯನ್ನೆಲ್ಲ ಕೆದಕಿ ಕೇಳಿಕೊಂಡರು.

"ಇದಕ್ಕೆ ಸೂತ್ರ ಇದೆ ರೀ. ನಾಲ್ಕು ಖಾನೆಗೆ ಸಮವಾಗಿ ಹಂಚಿಬಿಡಿ. ಕಾಲು ಭಾಗವಾದ್ರೂ ಸರಿಯಾದ ಜಾಗಕ್ಕೆ ಬೀಳುತ್ತೆ."

"ಉಳಿದ ಮುಕ್ಕಾಲು ಭಾಗ ನನ್ನ ತಲೆ ಮೇಲೆ ಬೀಳುತ್ತೆ ಮೇಷ್ಟ್ರೇ. ಸುಮ್ನೆ ಕೂತ್ಕೊಳಿ, ಕಾಫಿ ತರ್ತೀನಿ."

ಸುಮ್ಮನೆ ಕೂರುವುದು ಮೇಷ್ಟ್ರ ಜಾತಕದಲ್ಲೇ ಇರಲಿಲ್ಲ. ಕ್ರಮಸಂಖ್ಯೆಯವರು ಲೋಟ ಹಿಡಿದು ಬರುವಷ್ಟರಲ್ಲಿ ಅವರು ಒದ್ದೆ ಬಟ್ಟೆ ಹಿಡಿದು, ಅತಿ ಕೊಳಕಾದ ಕಾರ್ಡುಗಳನ್ನೆಲ್ಲ ಆರಿಸಿ ಆರಿಸಿ ಒರೆಸುತ್ತಿದ್ದರು.

"ನೋಡಿ, ಎಷ್ಟು ಚೊಕ್ಕ ಆಯ್ತು! ಹೆಂಗಸರು ಖುಷಿಪಡ್ತಾರೆ."

"ಸಾಕ್ಷಿ ಅಳಿಸಿಬಿಟ್ರಲ್ಲಾ ಪುಣ್ಯಾತ್ಮ!"

ಕಾಫಿಯನ್ನು ತಾವೇ ಕುಡಿದು, ಮೇಷ್ಟ್ರನ್ನು ಸಾಗಹಾಕಿ, ಬಾಗಿಲಿಗೆ ಚಿಲಕ ಹಾಕಿದರು. ಒರೆಸಿದ ಕಾರ್ಡೊಂದನ್ನು ಕೈಗೆತ್ತಿಕೊಂಡರು. 'ಇಳಿಜಾರು' ಎಂದು ಶುರುವಾಗುವ ಕಾರ್ಡು. ಕೊಳೆ ಹೋಗಿತ್ತು, ಆದರೆ ಮೂಲೆಗಳು ಹಳೆಯ ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಓದಿದ ಪುಸ್ತಕ ಯಾವುದು, ಬರೀ ಕಪಾಟಿನಲ್ಲಿ ಕೂತದ್ದು ಯಾವುದು ಎಂದು ಬೆರಳಿಗೆ ಗೊತ್ತಾಗದಿದ್ದರೆ ಅವನೆಂಥ ಗ್ರಂಥಪಾಲಕ? ಕಣ್ಣು ಮುಚ್ಚಿಕೊಂಡು ಮೂಲೆ ಸವರುತ್ತ ಒಂದೊಂದನ್ನೇ ಖಾನೆಗಿಟ್ಟರು. ಮೆತ್ತನೆಯ ಮೂಲೆ ಸಿಕ್ಕಿದಾಗಲೆಲ್ಲ ಹೆಂಡತಿ ಒಲೆಯ ಮುಂದೆ ತುಟಿಯಾಡಿಸುತ್ತ ನಿಲ್ಲುತ್ತಿದ್ದದ್ದು ನೆನಪಾಯಿತು. ಇಷ್ಟು ಸಲ ಓದಿದಳೇ ಇವಳು! ನಕ್ಕದ್ದಕ್ಕೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಚೀಟಿ ಕಿತ್ತು, ನಾಲ್ಕು ಮುಖಗಳನ್ನೂ ಮತ್ತೆ ಬರೆದರು. ಕನ್ನಡಕ ಮೊದಲಿಗಿಂತ ಚೆನ್ನಾಗಿಯೇ ಬಂತು.

ಸಂಜೆ ಹೆಂಡತಿಯೂ ಟೈಲರಕ್ಕನೂ ಜೊತೆಯಲ್ಲೇ ಬಂದರು. ಟೈಲರಕ್ಕ ದಾರಿಯಲ್ಲಿ ಎಲ್ಲ ಊದಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಹೆಂಡತಿ ಪೆಟ್ಟಿಗೆ ತೆರೆದು ಖಾನೆ ಖಾನೆ ನೋಡಿದರು. ಕ್ರಮಸಂಖ್ಯೆಯವರು ಹಿಂದಿನಿಂದ ಕತ್ತು ಚಾಚಿ ನೋಡಿದರು.

"ಇದ್ದ ಹಾಗೇ ಇದೆಯಲ್ರೀ! ಒಂದೂ ಆಚೀಚೆ ಆಗಿಲ್ಲ. ಹೇಗೆ ಮಾಡಿದ್ರಿ?"

"ಅನುಭವ" ಎಂದರು ಕ್ರಮಸಂಖ್ಯೆಯವರು, ಛಾವಣಿಗೆ ತಲೆ ತಾಗುವಷ್ಟು ಎತ್ತರವಾಗಿ. "ಇನ್ನು ನಿಶ್ಚಿಂತೆಯಾಗಿ ಪರೀಕ್ಷೆಗೆ ಹೋಗು."

"ಹೋಗ್ಬಂದ್ವಿ. ತಂಗಿ ಮನೆ ಅಂದಿದ್ದು ಸುಳ್ಳು. ಫೇಲಾದ್ರೆ ಮತ್ತೆ ನಗ್ತೀರಲ್ಲ ಅಂತ." ಹೆಂಡತಿಯ ಕಣ್ಣು ಮಿಂಚಿತು. "ಎಲ್ಲೆಲ್ಲಾರ್ ಮೊದಲೇ ಮಾಡಿಸಿ, ಡ್ರೈವಿಂಗ್ ಸ್ಕೂಲಿನ ಗಾಡೀಲಿ ಕಲಿತಿದ್ವಿ. ಇವತ್ತು ನಿಯಮ ಕೇಳೋದು, ಓಡಿಸೋದು ಎರಡೂ ಪಾಸು. ಇಬ್ರೂನೂ!"

"ಫೇಲಾಗಿದ್ರೆ ಪೆಟ್ಟಿಗೆ ಬೇಕಾಗ್ತಿತ್ತಲ್ಲ ಭಾವ, ಅದಕ್ಕೇ ನಿಮ್ಮ ಕೈಲಿ ಸರಿ ಮಾಡಿಸ್ದೆ" ಎಂದಳು ಟೈಲರಕ್ಕ.

ದಿನವಿಡೀ ಪಟ್ಟ ಪಾಡು ನೀರಲ್ಲಿ ಹೋಮ. ಆದರೂ ಕ್ರಮಸಂಖ್ಯೆಯವರಿಗೆ ಸಿಟ್ಟೇ ಬರಲಿಲ್ಲ. "ನಮ್ಮನೇಲಿ ಈಗ ಇಬ್ರು ಲೈಸೆನ್ಸಿನವರು!" ಎಂದು ಎದುರು ಮನೆಗೂ ಕೇಳುವಂತೆ ಹೇಳಿದರು.

"ಒಬ್ರು" ಎಂದರು ಹೆಂಡತಿ. "ವಿಳಾಸಕ್ಕೆ ಅಂತ ನಿಮ್ಮ ಲೈಸೆನ್ಸಿನ ಪ್ರತಿ ಕೊಟ್ಟೆ. ಗುಮಾಸ್ತ ನಕ್ಕುಬಿಟ್ಟ. ಅವಧಿ ಮುಗಿದು ಎರಡು ವರ್ಷ ಆಗಿದೆಯಂತೆ. ಇಷ್ಟು ತಡ ಆದ್ರೆ ಮೊದಲಿಂದ ಪರೀಕ್ಷೆ ಬರೀಬೇಕಂತೆ. ಗಡುವು ಮೀರಿದೆ ಸಾರ್, ದಂಡಾನೂ ಇದೆ."

ಹೇಳುತ್ತಲೇ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ನಾಲ್ಕೂ ಖಾನೆಯ ಕಾರ್ಡುಗಳು ದಬದಬನೆ ಒಂದೇ ರಾಶಿಯಾಗಿ ಬಿದ್ದವು.

"ಅಯ್ಯೋ, ನನ್ನ ಜೋಡಣೆ!"

"ಹೊಸಬರದ್ದು ಎಲ್ಲಾನೂ ಅಳುಮುಖದಿಂದಲೇ ಶುರು. ಹೇಳಿ ನೋಡೋಣ." ಹೆಂಡತಿ ರಾಶಿಯಿಂದ ಮೆತ್ತನೆ ಮೂಲೆಯ ಕಾರ್ಡೊಂದನ್ನು ಎಳೆದರು. "ಇಳಿಜಾರಿನ ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಗಾಡಿ ಹತ್ತಿ ಬರುತ್ತಿದ್ದರೆ ನೀವೇನು ಮಾಡಬೇಕು?"

ಆ ಕಾರ್ಡನ್ನು ಇಡೀ ದಿನ ಮುಟ್ಟಿದ್ದರು, ಸವರಿದ್ದರು, ಮೂಸಿಯೂ ನೋಡಿದ್ದರು. ಓದಿರಲಿಲ್ಲ.

"ಹಾರ್ನ್ ಹೊಡೀಬೇಕು" ಎಂದರು ಕ್ರಮಸಂಖ್ಯೆಯವರು, ಗತ್ತಿನಿಂದಲೇ.

ಹೆಂಡತಿ ಕಾರ್ಡನ್ನು ಅಳುಮುಖದ ಖಾನೆಗೆ ಹಾಕಿ, ಒಂದನೇ ನಂಬರಿನ ಮೊಳೆಯಿಂದ ಸ್ಕೂಟರಿನ ಬೀಗದ ಕೈ ತೆಗೆದು ತಮ್ಮ ಚೀಲಕ್ಕೆ ಸೇರಿಸಿಕೊಂಡರು.

"ಹತ್ತಿ ಬರೋರಿಗೆ ದಾರಿ ಬಿಡ್ಬೇಕು. ನಾಳೆ ಮತ್ತೆ ಕೇಳ್ತೀನಿ. ಬೆಳಿಗ್ಗೆ ಹಾಲಿಗೆ ನಾನೇ ಕರ್ಕೊಂಡು ಹೋಗ್ತೀನಿ, ಹಿಂದೆ ಕೂತ್ಕೊಳಿ."