ಉಸುಕು ನೋಡಾಕ ಮೂರು ಸೀಟು

ನಮ್ಮ ಸಿಂದಗಿ ಓಣ್ಯಾಗ ನಗೂವಂಥಾದ್ದನ್ನ ಹುಡುಕ್ಕೊಂಡು ಹೋಗಬೇಕಾಗಿಲ್ಲ. ನಾ ಕಟ್ಟಿ ಮ್ಯಾಲೆ ಅಡಕಿ ಕತ್ತರಿಸ್ಕೋತ ಕುಂತ್ರ ಸಾಕು, ಅದೇ ಚಪ್ಪಲಿ ಬಿಟ್ಟು ಮ್ಯಾಲೆ ಬರ್ತೈತಿ. ಮೂರನೇತ್ತಾ ಓದಿದಾಕಿ ನಾ. ಬರಿಯೂದ್ರಾಗ ತಪ್ಪಿದ್ರ ತಿದ್ದಿಕೋರಿ, ಸುದ್ದ್ಯಾಗ ತಪ್ಪಿಲ್ಲ.

೧. ಬೂತಿನ್ಯಾಗ ಬುಕಿಂಗು

ಬಾಜೂ ಮನಿ ಹೆಡ್ ಮಾಸ್ತರ್ರು ರಿಟೈರ್ ಆಗಿದ್ರು. ಕಣ್ಣಿನ ಚಾಳೀಸು ರಿಪೇರಿಗೆ ವಿಜಾಪುರಕ್ಕ ಹೋದವರು ಒಂದು ಬಣ್ಣದ ಕಾಗದ ಹಿಡ್ಕೊಂಡು ಬಂದ್ರು. ರಾಜಸ್ಥಾನದ ಮರುಭೂಮಿ, ಆರು ದಿನ ಜೀಪಿನ್ಯಾಗ ತಿರುಗಾಟ, ಹೋಗಿ ಬರಾಕ ನಾಕು ದಿನ, ಡೇರೇದಾಗ ಮುಕ್ಕಾಂ. ಒಂದು ಜೀಪಿಗೆ ಮೂರು ಮಂದಿ ಬೇಕಂತ. ಮಾಸ್ತರ್ರು, ಅವರ ಹೆಂಡತಿ, ಮೂರನೇದಾಕಿ ನಾನು. ಗಂಡ ಇಲ್ಲದಾಕಿ, ಬ್ಯಾಡ ಅನ್ನಾವರಿಲ್ಲ, ಹೂಂ ಅಂದೆ.

ಬಸ್ ಸ್ಟ್ಯಾಂಡ್ ಮುಂದಿನ ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದ್ರು. ಜೀಪು ಕುಲುಕ್ತೈತಿ, ಯಾರಿಗಾರೆ ಜಡ್ಡು ಐತೇನು ಅಂತ ಆ ಕಡಿಯಾಂವ ಕೇಳಿದ. ನಮ್ಮ ಮಾಸ್ತರ್ರು ನಲವತ್ತು ವರ್ಷ ಸಾಲ್ಯಾಗ ಒದರಿದ ಗಂಟಲದಾಗ, ಬೂತಿನ ಬಾಗಲಾ ಹಾಕದ, ಉತ್ತರಾ ಕೊಟ್ರು:

"ನನಗ ಸಕ್ಕರಿ ಬ್ಯಾನಿ. ನಮ್ಮಾಕಿಗೆ ಮೂಲವ್ಯಾಧಿ. ಬಾಜೂ ಮನಿ ಆಯಿಗೆ ಏನಿಲ್ರಿ, ಬಾಯಿ ಒಂದ."

ಮುದ್ದೇಬಿಹಾಳ ಬಸ್ಸಿಗೆ ನಿಂತ ಮಂದಿ ಎಲ್ಲಾ ಹೊಳ್ಳಿ ನಮ್ಮನ್ನ ನೋಡ್ತು. ಮಾಸ್ತರ್ರ ಹೆಂಡತಿ ಎಂಟು ದಿನ ಹೊರಗ ಬರಲಿಲ್ಲ.

೨. ಟೈಮ್ ಟೇಬಲ್ಲು

ಮಾಸ್ತರ್ರು ತಯಾರಿಗೆ ಗ್ವಾಡಿ ಮ್ಯಾಲೆ ಟೈಮ್ ಟೇಬಲ್ ಹಚ್ಚಿದ್ರು. ಮುಂಜಾನೆ ಹತ್ತಕ್ಕ ಉಸುಕಿನ ಅಭ್ಯಾಸ. ಓಣ್ಯಾಗ ಯಾರೋ ಮನಿ ಕಟ್ಟಾಕ ಭೀಮಾ ನದಿ ಉಸುಕು ಹಾಕಿಸಿದ್ರು. ನಾವು ಮೂವರೂ ಅದರ ಮ್ಯಾಲೆ ಹತ್ತೂದು, ಇಳಿಯೂದು. ನನಗ ಇಳಕಲ್ ಸೀರಿ, ಕೆಳಗ ಸತ್ತ ಗಂಡನ ಕ್ಯಾನ್ವಾಸ್ ಬೂಟು. ನಾಕನೇ ದಿನಕ್ಕ ಗುಡ್ಡಿ ಎಲ್ಲಾ ಗಟಾರಕ್ಕ ಇಳೀತು.

ಆಮ್ಯಾಲೆ ಕುಲುಕೂ ಅಭ್ಯಾಸಕ್ಕ ಟ್ರ್ಯಾಕ್ಟರ್ ಟ್ರಾಲಿಯಾಗ ಕನ್ನೊಳ್ಳಿ ಮಟ ಹೋಗಿ ಬರೂದು ಅಂತ ಬರದ್ರು. ಅವರ ಹೆಂಡತಿ ಅಂದ್ಲು, "ನಾ ಮೂವತ್ತು ವರ್ಷ ಇಂಡಿ ಬಸ್ಸಿನ ಹಿಂದಿನ ಸೀಟಿಗೆ ಕುಂತು ತವರಮನಿಗೆ ಹೋಗೇನಿ. ನನಗ ಅಭ್ಯಾಸ ಅಲ್ಲ, ಪೆನ್ಶನ್ ಬರಬೇಕು."

೩. ಯಾವ ದೇವರು?

ದೂರ ಹೊಂಟವರನ್ನ ಊಟಕ್ಕ ಕರದು, ಸೀರಿ-ಧೋತರ ಆಹೇರಿ ಮಾಡಿ, ಕಾಲಿಗೆ ಬೀಳೂದು ನಮ್ಮ ಕಡೆ ಪದ್ಧತಿ. ಕಾಶಿಗೆ ಹೊಂಟವರಿಗೆ ಮಾಡೂದು ಖರೆ. ಆದ್ರ ಮುದುಕರು ಮೂವರು ಹತ್ತು ದಿನ ಹೊಂಟಾರಂದ್ರ ದೇವರಿಗಲ್ಲದ ಮತ್ತೆಲ್ಲಿಗೆ ಅಂತ ಮಂದಿ ತಿಳದ್ರು. ಹನ್ನೊಂದು ಮನ್ಯಾಗ ಹೋಳಿಗಿ ಉಂಡ್ವಿ. ಬ್ಯಾಡ ಅನ್ನಾಕ ಬಾಯಾಗ ಜಾಗಾ ಇರಲಿಲ್ಲ.

ಕಡೀ ಮನಿ ಎದುರಿನ ಸಾವಕಾರ್ತಿದು. ನನಗೂ ಆಕಿಗೂ ಹಾವು-ಮುಂಗ್ಲಿ. ಆಕಿ ಸೊಸಿ ಯಾಕ ತವರಿಗೆ ಓಡಿದ್ಲು, ಆಕಿ ಮನಿ ತುಪ್ಪದಾಗ ಏನು ಕಲಸ್ತಾರ, ಎಲ್ಲಾ ಓಣಿಗೆ ಮುಟ್ಟಿಸಿದಾಕಿ ನಾನ. ಆದ್ರ ಒಂದು ವಿಷಯಕ್ಕ ಆಕಿಗೆ ಕೈ ಮುಗೀತಿದ್ದೆ. ಹಿಂದಕ ಕಾಶಿಗೆ ಹೋಗಿ ಮನಿಗೊಂದು ಗಿಂಡಿ ಗಂಗಾನೀರು ತಂದು ಕೊಟ್ಟಿದ್ಲು. ನನ್ನ ಗಂಡಗ ಕಡಿಗಾಲ ಬಂತಂತ ಅದರಾಗಿಂದ ಎರಡು ಹನಿ ಬಾಯಾಗ ಬಿಟ್ರ, ಆಂವ ಎದ್ದು ಕುಂತು ಚಾ ಕೇಳಿದ್ದ. ಮುಂದ ನಾಕು ವರ್ಷ ಬದುಕಿದ.

ಸಾವಕಾರ್ತಿ ಹೊಸಾ ಇಳಕಲ್ ಸೀರಿ ನನ್ನ ಕೈಯಾಗ ಇಟ್ಟು ಕೇಳಿದ್ಲು, "ಅಲ್ಲಿ ಯಾವ ದೇವರು, ಆಯಿ?" ಮಾಸ್ತರ್ರು ಬರೇ ಉಸುಕು ಅನ್ನಾಕ ಬಾಯಿ ತೆಗದ್ರು. ಸೀರಿ ಹೋದೀತಂತ ನಾ ನಡಕ ಬಾಯಿ ಹಾಕಿದೆ:

"ಉಸುಕಿನಪ್ಪ. ಬಾಳ ಜಾಗೃತ."

೪. ಗುಲಾಲು ಬಿದ್ದ ಮ್ಯಾಲೆ

ಹೊಂಡೂ ದಿನ ಬಾಜಾ-ಭಜಂತ್ರಿ, ಗುಲಾಲು, ಕೊಳ್ಳಾಗ ಮಾಲಿ. ಗಂಟಿನ್ಯಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ. ಕಡೀ ಸಲ ಕೇಳೂಣು ಅಂತ ಬೂತಿಗೆ ಹೋದ ಮಾಸ್ತರ್ರು ಮಾರಿ ಬಿಳಿ ಮಾಡ್ಕೊಂಡು ಬಂದು ನಮ್ಮ ಕಿವ್ಯಾಗ ಹೇಳಿದ್ರು: ಟೂರ್ ರದ್ದಾಗೇತಿ, ಬ್ಯಾರೇ ಯಾರೂ ಬುಕ್ ಮಾಡಿಲ್ಲಂತ, ನಮ್ಮದೊಂದ ಜೀಪು ಬಿಡಂಗಿಲ್ಲಂತ.

ಹೊಳ್ಳಿ ಹೋದ್ರ ಸಾವಕಾರ್ತಿ ನನ್ನನ್ನ ಬಿಡ್ತಾಳೇನು? ಇಷ್ಟು ವರ್ಷ ಮಂದಿ ಸುದ್ದಿ ಹೇಳಿದ ಕಟ್ಟಿ ಮ್ಯಾಲೆ ನನ್ನ ಸುದ್ದಿ ನಡೀತೈತಿ. "ಹತ್ರಿ ಬಸ್ಸು," ಅಂದೆ.

ರೈಲಿಗೆ ಹೊಂಟವರಂಗ ಸೊಲ್ಲಾಪುರ ಬಸ್ಸು ಹತ್ತಿ, ಝಳಕಿಗೆ ಇಳದು, ಹೊಳ್ಳಿ ವಿಜಾಪುರ, ಬಸವನ ಬಾಗೇವಾಡಿ ದಾಟಿ ಗೊಳಸಂಗಿ ಮುಟ್ಟಿದ್ವಿ. ಅಲ್ಲಿ ಮಾಸ್ತರ್ರ ನಾದಿನಿ ಹೊಲದ ಮನಿ. ನನ್ನ ದುರ್ದೈವಕ್ಕ ಸಾವಕಾರ್ತಿ ತವರೂ ಅದೇ ಊರು. ಹತ್ತು ದಿನ ಹೊಲದ ಹೊರಗ ಕಾಲಿಟ್ರ ಸೆರಗು ಮಾರಿ ಮ್ಯಾಲಿಂದ ತೆಗೀಲಿಲ್ಲ. ಮಾಸ್ತರ್ರು ಅಲ್ಲೂ ಟೈಮ್ ಟೇಬಲ್ ಹಾಕಿದ್ರು: ಹನ್ನೊಂದರಿಂದ ಒಂದರ ಮಟ ಬಿಸಲಾಗ ಕುಂದ್ರೂದು, ಮರುಭೂಮಿಗೆ ಹೋದಂಗ ಕರ್ರಗ ಆಗಬೇಕು. ನಾ ಮೊದಲ ಕರ್ರಗ ಅದೇನಿ ಅಂದ್ರ, "ಹಾಜರಿ ಬೇಕು," ಅಂದ್ರು.

೫. ಪ್ರಸಾದ

ಬರೂ ಮುಂದ ಹಳ್ಳದ ಉಸುಕು ಸಾಣಿಸಿ, ಕುಂಕುಮ ಹಚ್ಚಿ, ಉಸುಕಿನಪ್ಪನ ಪ್ರಸಾದ ಅಂತ ಕಾಗದದಾಗ ಪೊಟ್ಟಣ ಕಟ್ಟಿದ್ವಿ. ಓಣಿಗೆ ಓಣೀನ ಕಣ್ಣಿಗೆ ಒತ್ತಿಕೊಂಡು ಜಗಲಿ ಮ್ಯಾಲೆ ಇಟ್ಟು ಕೈ ಮುಗೀತು.

ಮರುದಿನ ಸಾವಕಾರ್ತಿ ನನ್ನ ಕಟ್ಟಿಗೆ ಬಂದ್ಲು. ಅಂಗೈಯಾಗ ನಮ್ಮ ಉಸುಕು. ಅದರಾಗಿಂದ ಕಾಳಿನಷ್ಟು ಬಸವನಹುಳದ ಚಿಪ್ಪು ಆರಿಸಿ ನನ್ನ ಮುಂದ ಇಟ್ಟು, "ಮರುಭೂಮ್ಯಾಗ ಇವು ಇರ್ತಾವೇನ್ರಿ, ಆಯಿ?" ಅಂದ್ಲು.

ನಾ ಅಡಕಿ ಕತ್ತರಿ ಕೆಳಗಿಟ್ಟೆ. ಹೋತು ನನ್ನ ಕಟ್ಟಿ ಅಂತ ಕುಂತೆ. ಆಕಿ ಆಕಡೆ ಈಕಡೆ ನೋಡಿ ಬಾಜೂಕ ಸರದು ಕುಂತ್ಲು.

"ಅಂಜಬ್ಯಾಡ್ರಿ. ಇದು ನನ್ನ ತವರ ಹಳ್ಳದ ಚಿಪ್ಪು, ಸಣ್ಣಾಕಿದ್ದಾಗಿಂದ ನೋಡೇನಿ. ನನ್ನ ಕಾಶಿ ರೈಲೂ ತಪ್ಪಿತ್ತು. ನಾನೂ ತವರಾಗ ಹದಿನೈದು ದಿನ ಅಡಗಿ ಕುಂತಿದ್ದೆ. ನೀವು ಉಸುಕು ತಂದ್ರಿ, ಅದೇ ಹಳ್ಳದ ನೀರು ನಾ ತಂದಿದ್ದೆ."

ಇಬ್ರೂ ಕೂಡಿ ಚಾ ಕುಡದ್ವಿ. ಏನು ಮಾತಾಡಿದ್ರಿ ಅಂತ ಓಣಿ ಇನ್ನೂ ಕೇಳ್ತೈತಿ.

ಅವತ್ತಿನಿಂದ ಗಂಡನ ಫೋಟೋಕ್ಕ ಊದಿನಕಡ್ಡಿ ಹಚ್ಚೂ ಮುಂದ ಒಂದು ಮಾತು ಹೇಳ್ತೇನಿ: ನೀ ಶಾಣ್ಯಾ. ಕಡಿಗಾಲಕ್ಕೂ ನೀರಿನ ರುಚಿ ನೋಡಿ, ಇದರ ಮ್ಯಾಲೆ ಸಾಯಂಗಿಲ್ಲ ಅಂತ ಎದ್ದು ಕುಂತಿ.