ಕೆರೆಗೆ ಬಂದ ಬೀಗರು

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಸೋದರಮಾವ ಬೀಗರ ಸಲುವಾಗಿ ಕೆಸರಿಗಿಳಿದ. ಬೀಗರೆಂದರೆ ಯಾರು ಅಂದುಕೊಂಡಿರಿ? ಚಳಿಗಾಲಕ್ಕೆ ಮಾಸೂರಿನ ಕೆರೆಗೆ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು! ಹಿಮಾಲಯ ದಾಟಿ ಬಂದವರನ್ನು ಬರೀ ಹಕ್ಕಿ ಎನ್ನುವುದು ಅವನ ಪ್ರಕಾರ ಅವಮಾನ.

ಬೀಗರು ಬಂದ ಮೇಲೆ ರೀತಿ ರಿವಾಜೇ ಬೇರೆ. ಏರಿಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಕೆಮ್ಮು ಬಂದರೆ ಮನೆಗೆ ಹೋಗಿ ಕೆಮ್ಮಿ ಬರಬೇಕು. ಅವು ಹೊಲದ ಕಡಲೆಗೆ ಬಾಯಿ ಹಾಕಿದಾಗ ಅತ್ತೆ ಕೋಲು ಎತ್ತಿದಳು.

"ಬೀಗರು ಉಣ್ಣಾಕ ಕುಂತಾಗ ತಾಟ ಕಸ್ಕೋತಾರೇನ?" ಅಂದ ಮಾವ.

"ನಮ್ಮ ತವರಿನವ್ರು ಬಂದಾಗ ಒಮ್ಮೆರ ಹಿಂಗ ಅಂದೀರೇನ್ರಿ?"

ಅತ್ತೆಯ ಹೊಟ್ಟೆಕಿಚ್ಚು ನನ್ನದರ ಮುಂದೆ ಏನೂ ಅಲ್ಲ. ನಾನು ಶಿಗ್ಗಾಂವದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ದುರ್ಬೀನು ನನ್ನದು, ಪುಸ್ತಕ ನನ್ನದು. ಹೆಬ್ಬಾತು ಮಾತ್ರ ಅವನದು. ಅವನು ಹತ್ತು ಮಾರು ದೂರದಲ್ಲಿ ಕುಳಿತು "ನಿದ್ದಿ ಆತೇನ್ರಿ?" ಎಂದರೂ ಅವು ಕದಲುವುದಿಲ್ಲ. ನಾನು ಏರಿ ಹತ್ತಿದರೆ ಸಾಕು, ಇಡೀ ದಿಬ್ಬಣ ಆಕಾಶಕ್ಕೆ. ಅಷ್ಟು ಮೆತ್ತಗೆ ಅವನು ನನ್ನೊಡನೆ ಎಂದಾದರೂ ಮಾತಾಡಿದ್ದುಂಟೇ?

ಅವತ್ತು ನಾನು ಅವುಗಳ ಕಣ್ಣಿಗೆ ಬೀಳದಂತೆ ಏರಿಯ ಮರೆಯಲ್ಲಿ ಬಗ್ಗಿ ನಿಂತಿದ್ದೆ. ಬೇಟೆ ನಿಷೇಧದ ಫಲಕದ ಹತ್ತಿರವೇ ಯಾರೋ ಕದ್ದು ಹಾಕಿದ್ದ ಬಲೆಗೆ ಒಂದು ಹೆಬ್ಬಾತು ಸಿಕ್ಕಿತ್ತು. ಮಾವ ಇಳಿದು ಬಲೆ ಹರಿದ. ಅದು ಬಿಡಿಸಿಕೊಂಡು ತನ್ನವರನ್ನು ಸೇರಿತು. ಅವನು ಮಾತ್ರ ಸೊಂಟದ ತನಕ ಹೂತಿದ್ದ. ಕಾಲೆಳೆದಷ್ಟೂ ಕೆಸರು ಮೇಲೇರಿ ಎದೆಗೆ ಬಂತು.

"ಮಾಮಾ, ಮಂದೀನ ಕರೀತೇನಿ."

"ಮೆಲ್ಲಕ ಮಾತಾಡ. ಬೀಗರು ಏಳ್ತಾರ," ಎಂದು ಪಿಸುಗುಟ್ಟಿದ.

ಒಂದು ಗಳಿಗೆ ನಾನು ಅವನ ಮಾತು ಕೇಳಿ ಸುಮ್ಮನೆ ನಿಂತೆ. ಮುಂದೆ ನನ್ನ ನಿದ್ದೆ ತಿಂದದ್ದು ಆ ಗಳಿಗೆಯೇ. ಆಮೇಲೆ ಹುಟ್ಟಿದಾಗಿನಿಂದ ಒದರದ ಹಾಗೆ ಒದರಿದೆ. ಬೀಗರೆಲ್ಲ ಎದ್ದು ಹೋದರು. ಗದ್ದೆಯಲ್ಲಿದ್ದವರು ಏಣಿ, ಹಗ್ಗ ತಂದು ಎಳೆದರು. ದಡದಲ್ಲಿ ಬಿದ್ದವನ ಮೊದಲ ಮಾತು, "ಬೀಗರ ಮುಂದ ಮಾನ ಕಳದ್ಯಲ್ಲ."

ಎಂಟು ದಿನ ಅವನು ಮಾತು ಬಿಟ್ಟ. ಎಂಟು ರಾತ್ರಿ ನನಗೆ, ಕಣ್ಣು ಮುಚ್ಚಿದರೆ, ಕೆಸರಿನ ಮೇಲೆ ಅವನ ತಲೆಯೊಂದೇ ಕಾಣುತ್ತಿತ್ತು.

ಒಂಬತ್ತನೆಯ ದಿನ ಫೋನು ಬಂತು. "ತಿರುಗಿ ಬಂದಾರ. ಬಾ."

ಹೋದೆ. ನನ್ನ ಚಪ್ಪಲಿಯನ್ನು ತಾನೇ ಹಿಡಿದುಕೊಂಡು ನೀರಿನ ಅಂಚಿನ ತನಕ ಕರೆದೊಯ್ದ.

"ಅವತ್ತ ಒದರಿದಾಕಿ ಇಕೀನ ನೋಡ್ರಿ," ಎಂದ ಹೆಬ್ಬಾತುಗಳಿಗೆ. "ನಮ್ಮ ಹುಡುಗಿ. ಎಲ್ಲಿ ನಾ ಸಾಯ್ತೇನೋ ಅಂತ ಅಂಜಿದ್ಲು. ಸಿಟ್ಟಾಗಬ್ಯಾಡ್ರಿ."

ಮೂರು ಹಾರಿದವು. ಉಳಿದವು ಕತ್ತೆತ್ತಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿದವು.

ಆ ರಾತ್ರಿ ಮಾವನ ಮನೆಯಲ್ಲೇ ಉಂಡು ಮಲಗಿದೆ. ಎಚ್ಚರವಾದಾಗ ಬಿಸಿಲೇರಿತ್ತು. ಪಡಸಾಲೆಯಲ್ಲಿ ಮಾವ, ಚಪ್ಪಲಿ ಕೈಯಲ್ಲಿ ಹಿಡಿದು, ಅತ್ತೆಗೆ ಹೇಳುತ್ತಿದ್ದ: "ಮೆಲ್ಲಕ ಮಾತಾಡ. ಹುಡುಗಿ ಏಳ್ತಾಳ."